ಗಾಳಿ ಟ್ಯಾಂಕಿನ ತಳದ ನೀರು

ಕೇಳುಗರೆಲ್ಲರಿಗೂ ನಮಸ್ಕಾರ.

ಕಾರವಾರದಿಂದ ಭಟ್ಕಳದವರೆಗೆ 66ನೇ ಹೆದ್ದಾರಿಯ ಗುಂಟ ಪಂಕ್ಚರ್ ಅಂಗಡಿ, ಗ್ಯಾರೇಜು, ಗಾಡಿಗೆ ಬಣ್ಣ ಹೊಡೆಯುವ ಶೆಡ್ಡುಗಳು ಸಾಲಾಗಿ ಸಿಗುತ್ತವೆ. ಕುಮಟಾ, ಹೊನ್ನಾವರದ ಕಡೆ ಗೇರುಬೀಜದ ಕಾರ್ಖಾನೆಗಳು. ಘಟ್ಟ ಹತ್ತಿ ಶಿರಸಿಗೆ ಹೋದರೆ ಟೈರ್ ರೀಟ್ರೆಡಿಂಗ್, ಫ್ಯಾಬ್ರಿಕೇಶನ್ ಕೆಲಸ. ಇವುಗಳ ಮೂಲೆಯಲ್ಲೆಲ್ಲ ಗಾಳಿಯನ್ನು ಒತ್ತಿ ತುಂಬುವ ಒಂದು ಕಂಪ್ರೆಸರ್ ಇರುತ್ತದೆ, ಅದರ ಅಡಿಗೋ ಬಗಲಿಗೋ ಆ ಗಾಳಿ ಕೂಡಿಡುವ ಒಂದು ಕಬ್ಬಿಣದ ಟ್ಯಾಂಕು. ಮೋಟರ್ ಕೆಟ್ಟರೆ ಆ ಕ್ಷಣವೇ ಕೆಲಸ ನಿಲ್ಲುತ್ತದೆ, ಹಾಗಾಗಿ ಅದರ ಮೇಲೆ ಎಲ್ಲರ ಕಣ್ಣು. ಟ್ಯಾಂಕಿನ ಕಡೆ ಯಾರೂ ತಿರುಗಿ ನೋಡುವುದಿಲ್ಲ. ನಮ್ಮ ಕರಾವಳಿಯ ಹವೆಯಲ್ಲಿ ಅದು ಹೊರಗಿಗಿಂತ ಬೇಗ ಒಳಗಿನಿಂದ ಸವೆಯುತ್ತದೆ. ತಡೆಯುವುದಕ್ಕೆ ದಿನಕ್ಕೆ ಒಂದು ನಿಮಿಷ ಸಾಕು. ಆ ಒಂದು ನಿಮಿಷ ಯಾಕೆ ಬೇಕು ಎಂದು ಹೇಳುವುದಕ್ಕೇ ನಾನು ಇವತ್ತು ಬಂದಿದ್ದು.

ಟ್ಯಾಂಕಿನ ಕೆಲಸ ಏನು? ಪಿಸ್ಟನ್ ಕಂಪ್ರೆಸರ್ ಗಾಳಿಯನ್ನು ಒಂದೇ ಸಮನೆ ಕೊಡುವುದಿಲ್ಲ, ಹೊಡೆತ ಹೊಡೆತವಾಗಿ ದೂಡುತ್ತದೆ. ಆ ಹೊಡೆತಗಳನ್ನು ಟ್ಯಾಂಕು ನುಂಗಿ ಪೈಪಿಗೆ ಸಮನಾದ ಗಾಳಿ ಬಿಡುತ್ತದೆ. ಮೋಟರ್ ಗಳಿಗೆಗೊಮ್ಮೆ ಆನ್ ಆಫ್ ಆಗುವುದನ್ನು ತಪ್ಪಿಸುತ್ತದೆ. ಒಮ್ಮೆಲೇ ಹೆಚ್ಚು ಗಾಳಿ ಬೇಕಾದಾಗ ದಾಸ್ತಾನಿನಿಂದ ಕೊಡುತ್ತದೆ. ಕಾರವಾರದ ಬೈತಖೋಲ ಬಂದರಿಗೆ ಬರುವಂಥ ದೊಡ್ಡ ಹಡಗುಗಳ ಮುಖ್ಯ ಎಂಜಿನ್ ಸ್ಟಾರ್ಟ್ ಆಗುವುದೂ ಸುಮಾರು 30 ಕೆ.ಜಿ., ಅಂದರೆ ಚದರ ಸೆಂಟಿಮೀಟರಿಗೆ 30 ಕೆ.ಜಿ. ಒತ್ತಡದಲ್ಲಿ ಕೂಡಿಟ್ಟ ಗಾಳಿಯಿಂದಲೇ. ಮುಂದಕ್ಕೂ ಹಿಂದಕ್ಕೂ ತಿರುಗುವ ಎಂಜಿನ್ ಆದರೆ, ನಡುವೆ ಗಾಳಿ ತುಂಬದೆಯೇ 12 ಸಲ ಸ್ಟಾರ್ಟ್ ಮಾಡುವಷ್ಟು ದಾಸ್ತಾನು ಹಡಗಿನ ಗಾಳಿ ಟ್ಯಾಂಕುಗಳಲ್ಲಿ ಇರಲೇಬೇಕು ಎಂಬ ನಿಯಮವಿದೆ.

ದಾಸ್ತಾನು ಅಂದಕೂಡಲೇ ಮನೆಯ ಮೇಲಿನ ನೀರಿನ ಟ್ಯಾಂಕು ನೆನಪಾಗುತ್ತದೆ. ಆದರೆ 500 ಲೀಟರಿನ ನೀರಿನ ಟ್ಯಾಂಕಿನಲ್ಲಿ ಕೊನೆಯ ಚೊಂಬಿನವರೆಗೂ ನೀರು ಸಿಗುತ್ತದೆ, ಗಾಳಿಯದು ಹಾಗಲ್ಲ. ಒತ್ತಡ ಎಷ್ಟು ಪಟ್ಟು ಏರುತ್ತದೋ ಗಾಳಿಯ ಗಾತ್ರ ಅಷ್ಟೇ ಪಟ್ಟು ಕುಗ್ಗುತ್ತದೆ ಎಂದು ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ ನಿಯಮದ ಪ್ರಕಾರ ಲೆಕ್ಕ ಹಾಕೋಣ. ಮೀಟರ್ ತೋರಿಸುವ 7 ಕೆ.ಜಿ.ಗೆ ಹೊರಗಿನ ಗಾಳಿಯದೇ ಒತ್ತಡ ಸುಮಾರು 1 ಕೆ.ಜಿ. ಸೇರಿಸಿದರೆ 8, ಹಾಗಾಗಿ 500 ಲೀಟರ್ ಟ್ಯಾಂಕಿನಲ್ಲಿ ಹೊರಗಿನ ಗಾಳಿಯ ಲೆಕ್ಕದಲ್ಲಿ 4000 ಲೀಟರ್ ಇರುತ್ತದೆ. ನಿಮ್ಮ ನಟ್ ಬಿಚ್ಚುವ ಗನ್ನಿಗೆ ಕಡಿಮೆಯೆಂದರೂ 6 ಕೆ.ಜಿ. ಬೇಕು ಎಂದಿಟ್ಟುಕೊಳ್ಳಿ. ಆಗ 7ರಿಂದ 6ಕ್ಕೆ ಇಳಿಯುವಷ್ಟರಲ್ಲಿ ಸಿಗುವುದು ಬರೇ 500 ಲೀಟರ್. ಉಳಿದ 3500 ಲೀಟರ್ ಟ್ಯಾಂಕಿನಲ್ಲಿದ್ದೂ ಆ ಗನ್ನಿನ ಪಾಲಿಗೆ ಇಲ್ಲದ ಹಾಗೇ. ಗನ್ನು ನಿಮಿಷಕ್ಕೆ 500 ಲೀಟರ್ ಎಳೆಯುವಂಥದ್ದಾದರೆ, ಟ್ಯಾಂಕು ಕೊಟ್ಟ ಆಸರೆ ಒಂದೇ ನಿಮಿಷದ್ದು.

ಕಂಪ್ರೆಸರ್ ಸಾಲುತ್ತಿಲ್ಲವೆಂದು ದೊಡ್ಡ ಟ್ಯಾಂಕು ತರಲು ಹೊರಟವರು ಮೊದಲು ಈ ಲೆಕ್ಕ ಹಾಕಬೇಕು. ಟೈರಿಗೆ ಗಾಳಿ ಹೊಡೆಯುವುದು, ನಟ್ ಬಿಚ್ಚುವುದು ನಡುನಡುವೆ ಬಿಡುವಿರುವ ಕೆಲಸ, ಅಲ್ಲಿ ದೊಡ್ಡ ಟ್ಯಾಂಕಿನಿಂದ ನಿಜವಾಗಿ ಉಪಯೋಗವಿದೆ. ದಿನವಿಡೀ ಒಂದೇ ಸಮನೆ ಬಣ್ಣ ಹೊಡೆಯುವವರಿಗೆ ಬೇಕಾದದ್ದು ದೊಡ್ಡ ಕಂಪ್ರೆಸರ್. ಇನ್ನು ಕೆಲವರು ಒತ್ತಡವನ್ನೇ ಏರಿಸಿಡುತ್ತಾರೆ. ಒಂದೊಂದು ಕೆ.ಜಿ. ಏರಿಸಿದರೂ ಕರೆಂಟು ಶೇಕಡಾ 6ರಿಂದ 7ರಷ್ಟು ಹೆಚ್ಚು ಹೋಗುತ್ತದೆ, ಸೋರಿಕೆಯೂ ಹೆಚ್ಚುತ್ತದೆ.

ಈಗ ನೀರಿನ ವಿಷಯಕ್ಕೆ ಬರುತ್ತೇನೆ. ಅಂಕೋಲೆಯ ಕಡೆ ಒಂದು ಗ್ಯಾರೇಜಿನಲ್ಲಿ, ಆಷಾಢದ ಮಳೆಯಲ್ಲಿ, ಟ್ಯಾಂಕಿನ ತಳದ ವಾಲ್ವ್ ತೆಗೆಯಲು ಹೇಳಿದೆ. ಕೈಯಿಂದ ತಿರುಗಲಿಲ್ಲ, ಪಾನಾ ಹಾಕಬೇಕಾಯಿತು. ಮೊದಲು ಏನೂ ಬರಲಿಲ್ಲ. ಆಮೇಲೆ ತುಕ್ಕಿನ ಚೂರುಗಳು ಟಪಟಪನೆ ಉದುರಿದವು, ಅವುಗಳ ಹಿಂದೆಯೇ ಕೆಂಪು ನೀರು. ಮೇಲೆ ಎಣ್ಣೆಯ ಬಿಳಿ ನೊರೆ. ಬಕೆಟ್ ತುಂಬಿತು, ಇನ್ನೊಂದು ಬಕೆಟ್ ತಂದರು. ಮಾಲೀಕರು ಪಕ್ಕದಲ್ಲೇ ನಿಂತಿದ್ದರು. "ಇಷ್ಟು ನೀರು ಎಲ್ಲಿಂದ ಬಂತು ಮಾರಾಯ್ರೆ? ನಾವು ತುಂಬೂದು ಗಾಳಿ ಅಲ್ವಾ?" ಅಂದರು.

ನ್ಯಾಯವಾದ ಪ್ರಶ್ನೆ. ನೀರು ಗಾಳಿಯ ಜೊತೆಗೇ ಬಂದದ್ದು. ಮಳೆಗಾಲದಲ್ಲಿ ನಮ್ಮ ಕಡಲ ತೀರದ ಗಾಳಿಯ ಒಂದೊಂದು ಘನ ಮೀಟರಿನಲ್ಲೂ 23 ಗ್ರಾಂ ಆಸುಪಾಸು ನೀರಾವಿ ಇರುತ್ತದೆ. ಗಾಳಿಯನ್ನು ಎಂಟರಲ್ಲಿ ಒಂದು ಪಾಲಿಗೆ ಒತ್ತಿ ತುಂಬಿದಾಗ, ಅದು ಹಿಡಿದಿಟ್ಟುಕೊಳ್ಳಬಲ್ಲ ನೀರಾವಿಯೂ ಅಷ್ಟೇ ಕಡಿಮೆಯಾಗುತ್ತದೆ. ಕಂಪ್ರೆಸರಿನಿಂದ ಬಿಸಿಯಾಗಿ ಬಂದ ಗಾಳಿ ಟ್ಯಾಂಕಿನ ಗೋಡೆಗೆ ತಾಗಿ ಆರುತ್ತಿದ್ದ ಹಾಗೆ ಹೆಚ್ಚಾದದ್ದು ನೀರಾಗಿ ಇಳಿಯುತ್ತದೆ. ನಿಮಿಷಕ್ಕೆ 1000 ಲೀಟರ್ ಎಳೆಯುವ, ಅಂದರೆ ಹೆಚ್ಚುಕಡಿಮೆ 10 ಎಚ್‌ಪಿಯ ಕಂಪ್ರೆಸರ್ 8 ತಾಸು ಬಿಡದೆ ಓಡಿದರೆ ಒಳಗೆ ಬರುವ ನೀರು ಸುಮಾರು 11 ಲೀಟರ್. ಗಾಳಿ 40 ಡಿಗ್ರಿಗೆ ಆರುವಷ್ಟರಲ್ಲಿ ಅದರಲ್ಲಿ 8 ಲೀಟರ್ ಕೆಳಗಿಳಿದಿರುತ್ತದೆ. ಉಳಿದದ್ದು ಪೈಪಿನಲ್ಲಿ ಮುಂದೆ ಹೋಗಿ ಪೇಂಟಿನ ಮೇಲೆ ಗುಳ್ಳೆ ಎಬ್ಬಿಸುತ್ತದೆ. ಗೇರುತಿರುಳನ್ನು ಬಣ್ಣ ನೋಡಿ ಬೇರ್ಪಡಿಸುವ ಯಂತ್ರವನ್ನೇ ತೆಗೆದುಕೊಳ್ಳಿ, ಬೇಡದ ತಿರುಳನ್ನು ಹಾರಿಸುವುದು ಗಾಳಿಯ ಪುಟ್ಟ ಊದಿನಿಂದ. ಆ ಗಾಳಿಯಲ್ಲಿ ಎಣ್ಣೆ ನೀರು ಇದ್ದರೆ ತಿನ್ನುವ ಪದಾರ್ಥಕ್ಕೇ ತಗಲುತ್ತದೆ. ಹಾಗಾಗಿ ಅಂಥ ಕಾರ್ಖಾನೆಗಳಲ್ಲಿ ಗಾಳಿಯ ತೇವ ತೆಗೆಯುವ ಡ್ರೈಯರಿನ ಹಿಂದೆ ಒಂದು, ಮುಂದೆ ಒಂದು, ಎರಡು ಟ್ಯಾಂಕು ಇಡುವುದು ಒಳ್ಳೆಯ ಪದ್ಧತಿ.

ತಳದಲ್ಲಿ ನಿಂತ ನೀರು ಮಾಡುವ ಮುಖ್ಯ ಅನಾಹುತ ಬೇರೆಯೇ ಇದೆ. ಅಡ್ಡ ಮಲಗಿಸಿದ ಟ್ಯಾಂಕಾದರೆ ಹೊಟ್ಟೆಯ ಕೆಳಗಿನ ಗೆರೆಯುದ್ದಕ್ಕೂ, ನಿಲ್ಲಿಸಿದ ಟ್ಯಾಂಕಾದರೆ ಕೆಳಗಿನ ಬಟ್ಟಲಿನಲ್ಲಿ, ತಗಡು ತುಕ್ಕು ಹಿಡಿದು ತೆಳ್ಳಗಾಗುತ್ತಾ ಹೋಗುತ್ತದೆ. ಹೊರಗೆ ಬಣ್ಣ ಹೊಳೆಯುತ್ತಿರುತ್ತದೆ. 7 ಕೆ.ಜಿ. ತುಂಬಿದ 500 ಲೀಟರ್ ಟ್ಯಾಂಕಿನಲ್ಲಿ ಅಡಗಿರುವ ಶಕ್ತಿ, ಒಂದು ಟನ್ ತೂಕದ ಕಾರನ್ನು 40 ಮೀಟರಿಗಿಂತ ಮೇಲಕ್ಕೆ ಎತ್ತುವಷ್ಟು. ತಗಡು ಹರಿದರೆ ಅದಿಷ್ಟೂ ಕಣ್ಣು ಮಿಟುಕಿಸುವುದರೊಳಗೆ ಹೊರಬರುತ್ತದೆ. ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಟ್ಯೂಬಿಗೆ ಪ್ಯಾಚ್ ಹಾಕುತ್ತಿರುವ ಹುಡುಗ ಯಾರ ಮನೆಯ ಮಗ ಎಂದು ಒಮ್ಮೆ ಯೋಚಿಸಿ.

ಸೇಫ್ಟಿ ವಾಲ್ವ್ ಸೋರುತ್ತದೆಂದು ಅದನ್ನು ಕಿತ್ತು ಆ ಜಾಗಕ್ಕೆ ಬೋಲ್ಟ್ ಜಡಿದದ್ದನ್ನು ಕಣ್ಣಾರೆ ಕಂಡಿದ್ದೇನೆ. ಒತ್ತಡ ಮೀರಿದಾಗ ಕಾಪಾಡುವುದು ಅದೊಂದೇ. ಸೋರಿದರೆ ಹೊಸದು ಹಾಕಿ. ಟ್ಯಾಂಕಿಗೂ ಸೇಫ್ಟಿ ವಾಲ್ವಿಗೂ ನಡುವೆ ಬಂದ್ ಮಾಡುವ ಬೇರೆ ಯಾವ ವಾಲ್ವೂ ಇರಕೂಡದು. ತೂತು ಬಿದ್ದ ಟ್ಯಾಂಕಿಗೆ ವೆಲ್ಡಿಂಗ್ ತೇಪೆ ಹಚ್ಚಬೇಡಿ. ಒಂದು ತೂತು ಬಿದ್ದಿದೆಯೆಂದರೆ ಸುತ್ತಲಿನ ತಗಡೂ ಮುಗಿದಿದೆ ಎಂದೇ ತಿಳಿಯಬೇಕು. ಗುಜರಿಯಿಂದ ತಂದ ಟ್ಯಾಂಕಿಗೆ ಒತ್ತಡ, ವರ್ಷ ಬರೆದ ಪ್ಲೇಟು ಇಲ್ಲದಿದ್ದರೆ ಅದು ಅಗ್ಗಕ್ಕೆ ಸಿಕ್ಕರೂ ಬೇಡ.

1948ರ ಕಾರ್ಖಾನೆ ಕಾಯ್ದೆಯ 31ನೇ ಕಲಮು ಒತ್ತಡದ ಯಂತ್ರಸಾಮಗ್ರಿಯ ಬಗ್ಗೆಯೇ ಇತ್ತು. ದೊಡ್ಡ ಕಾರ್ಖಾನೆಗಳಲ್ಲಿ ತಪಾಸಣೆ ನಡೆಯುತ್ತದೆ, ದಾಖಲೆ ಇರುತ್ತದೆ. ಇಬ್ಬರು ಮೂವರು ದುಡಿಯುವ ಗ್ಯಾರೇಜಿಗೆ ಅಂಥ ತಪಾಸಣೆಗೆ ಯಾರೂ ಬರುವುದಿಲ್ಲ. ಅಲ್ಲಿ ಮಾಲೀಕರೇ ಇನ್‌ಸ್ಪೆಕ್ಟರ್. ತಗಡಿನ ದಪ್ಪ ಅಳೆಯುವ ಅಲ್ಟ್ರಾಸಾನಿಕ್ ಮೀಟರ್ ಇರುವವರನ್ನು ಕರೆಸಿ, ತಳದಲ್ಲಿ ನಾಲ್ಕೈದು ಕಡೆ ನೋಡಿಸಿ. ಒತ್ತಡದ ಪರೀಕ್ಷೆ ಮಾಡಿಸುವುದಾದರೆ ಟ್ಯಾಂಕಿನ ಬಾಯಿವರೆಗೆ ನೀರು ತುಂಬಿಸಿಯೇ ಮಾಡಿಸಿ. ನೀರು ಒತ್ತಿದರೆ ಕುಗ್ಗುವುದಿಲ್ಲ, ಹಾಗಾಗಿ ತಗಡು ಬಿಟ್ಟರೂ ಚಿಮ್ಮಿ ನಿಲ್ಲುತ್ತದೆ. ಗಾಳಿ ತುಂಬಿ ಪರೀಕ್ಷೆ ಮಾಡುವವರನ್ನು ಒಳಗೆ ಬಿಡಬೇಡಿ.

ಈ ವಿಷಯದಲ್ಲಿ ನಮ್ಮ ಲಾರಿ ಚಾಲಕರನ್ನು ಮೆಚ್ಚಬೇಕು. ಅರಬೈಲ್ ಘಟ್ಟ, ದೇವಿಮನೆ ಘಟ್ಟ ಇಳಿಯುವ ಲಾರಿಗಳ ಬ್ರೇಕು ನಡೆಯುವುದು ಚಾಸಿಯ ಅಡಿಯ ಏರ್ ಟ್ಯಾಂಕುಗಳಿಂದ. ಹಳೆಯ ಚಾಲಕರು ಬೆಳಿಗ್ಗೆ ಗಾಡಿ ತೆಗೆಯುವ ಮೊದಲು ಬಗ್ಗಿ ಆ ಟ್ಯಾಂಕಿನ ರಿಂಗ್ ಎಳೆದು ನೀರು ಬಿಡುತ್ತಾರೆ. ಅದೇ ರೂಢಿ ಗ್ಯಾರೇಜಿಗೂ ಬೇಕು. ಸಂಜೆ ಕೆಲಸ ಮುಗಿದ ಮೇಲೆ, ಟ್ಯಾಂಕಿನಲ್ಲಿ ಸ್ವಲ್ಪ ಒತ್ತಡ ಇರುವಾಗಲೇ ತಳದ ವಾಲ್ವನ್ನು ನಿಧಾನವಾಗಿ ತೆಗೆಯಿರಿ. ಮಳೆಗಾಲದಲ್ಲಿ ಮಧ್ಯಾಹ್ನವೂ ಒಮ್ಮೆ. ಬರೇ ಗಾಳಿ ಬರುವವರೆಗೆ ಬಿಟ್ಟು ಬಂದ್ ಮಾಡಿ. ತಾನಾಗಿಯೇ ನೀರು ಬಿಡುವ ಆಟೋ ಡ್ರೇನ್ ಹಾಕಿಸಿದ್ದರೂ ತುಕ್ಕಿನ ಚೂರು ಸಿಕ್ಕಿ ಅದು ಕಟ್ಟಿಕೊಳ್ಳುತ್ತದೆ, ವಾರಕ್ಕೊಮ್ಮೆ ಕೈಯಿಂದಲೇ ತೆಗೆದು ನೋಡಿ. ವಾಲ್ವು ಗೋಡೆಯ ಸಂದಿಯಲ್ಲಿ ಸಿಕ್ಕಿಕೊಂಡಿದ್ದರೆ ಒಂದು ಮೊಳ ಪೈಪ್ ಜೋಡಿಸಿ ಮುಂದಕ್ಕೆ ತನ್ನಿ. ಕೈಗೆ ಎಟುಕದ ವಾಲ್ವನ್ನು ಯಾರೂ ದಿನಾ ತೆಗೆಯುವುದಿಲ್ಲ.

ಟ್ಯಾಂಕಿನಿಂದ ಸೋರಿಕೆಯನ್ನೂ ಅಳೆಯಬಹುದು. ಟ್ಯಾಂಕು ತುಂಬಿಸಿ ಮೋಟರ್ ಆಫ್ ಮಾಡಿ, ಗನ್ನುಗಳನ್ನೆಲ್ಲ ಕೆಳಗಿಡಿ, ಗಡಿಯಾರ ನೋಡಿ. 500 ಲೀಟರಿನ ಟ್ಯಾಂಕು 10 ನಿಮಿಷದಲ್ಲಿ 7ರಿಂದ 6 ಕೆ.ಜಿ.ಗೆ ಇಳಿದರೆ, ನಿಮಿಷಕ್ಕೆ 50 ಲೀಟರ್ ಗಾಳಿ ಪೈಪಿನ ಜೋಡಣೆಗಳಲ್ಲಿ ಹೋಗುತ್ತಿದೆ. ಸೋಪಿನ ನೀರು ಹಚ್ಚಿದರೆ ಎಲ್ಲಿ ಗುಳ್ಳೆ ಬರುತ್ತದೋ ಅಲ್ಲೇ ಸೋರಿಕೆ.

ಕೊನೆಯದಾಗಿ ಒಂದು ವಿನಂತಿ. ಟ್ಯಾಂಕಿನಿಂದ ತೆಗೆದ ನೀರಿನಲ್ಲಿ ಕಂಪ್ರೆಸರಿನ ಎಣ್ಣೆ ಇರುತ್ತದೆ. ಅದನ್ನು ಗಟಾರಕ್ಕೆ ಚೆಲ್ಲಿದರೆ ಹಳ್ಳ, ಹೊಳೆ ಹಿಡಿದು ಸಮುದ್ರ ಸೇರುತ್ತದೆ. ಡಬ್ಬಿಯಲ್ಲಿ ಹಿಡಿದಿಡಿ. ಮೇಲೆ ತೇಲಿದ ಎಣ್ಣೆಯನ್ನು ತೆಗೆದು, ಹಳೆಯ ಎಂಜಿನ್ ಆಯಿಲ್ ಒಯ್ಯುವವರಿಗೆ ಅದರ ಜೊತೆಗೇ ಕೊಟ್ಟುಬಿಡಿ.

ನಮಸ್ಕಾರ.