ಸ್ವಿಚ್ ಆಫ್ ಮಾಡಿದರೂ ವಿಎಫ್‌ಡಿ ಶಾಕ್ ಹೊಡೆಯುವುದು ಯಾಕೆ?

[ಹತ್ತಿರದ ಶಾಟ್: ಡ್ರೈವ್ ಒಳಗಿನ ಕೆಂಪು ದೀಪ]

ನೋಡಿ, ಇದು ವಿಎಫ್‌ಡಿ, ಅಂದರೆ ಮೋಟರ್‌ನ ವೇಗ ಬದಲಿಸುವ ಡ್ರೈವ್. ಮೇನ್ ಆಫ್ ಮಾಡಿದ್ದೇನೆ. ಡಿಸ್‌ಪ್ಲೇ ಆರಿದೆ. ಆದರೆ ಈ ಕೆಂಪು ದೀಪ ಇನ್ನೂ ಉರಿಯುತ್ತಿದೆ. ಕರೆಂಟೇ ಇಲ್ಲ, ಅಲ್ವಾ? ಮತ್ತೆ ಹೇಗೆ?

ವಿಎಫ್‌ಡಿ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಡಯೋಡ್‌ಗಳು ಎಸಿಯನ್ನು ಡಿಸಿ ಮಾಡುತ್ತವೆ. ಐಜಿಬಿಟಿ ಎಂಬ ವೇಗದ ಎಲೆಕ್ಟ್ರಾನಿಕ್ ಸ್ವಿಚ್‌ಗಳು ಆ ಡಿಸಿಯನ್ನು ಕತ್ತರಿಸಿ, ಬೇಕಾದ ಫ್ರೀಕ್ವೆನ್ಸಿಯಲ್ಲಿ ಮೋಟರ್‌ಗೆ ಕೊಡುತ್ತವೆ. ನಡುವೆ ಇರುವ, ಚಾರ್ಜ್ ಕೂಡಿಡುವ ಈ ದಪ್ಪ ಡಬ್ಬಿಗಳೇ ಕೆಪಾಸಿಟರ್. 415 ವೋಲ್ಟ್ ತ್ರೀ ಫೇಸ್ ಕೊಟ್ಟರೆ ಇವುಗಳ ಮೇಲೆ ಸುಮಾರು 585 ವೋಲ್ಟ್ ಡಿಸಿ ಕೂತಿರುತ್ತದೆ. ಇವುಗಳ ಸಾಮರ್ಥ್ಯ ಒಟ್ಟು 500 ಮೈಕ್ರೋಫ್ಯಾರಡ್ ಅಂದುಕೊಂಡರೆ ಸುಮಾರು 85 ಜೌಲ್ ಶಕ್ತಿ. ಒಂದು ಕೆಜಿ ಬೆಲ್ಲದಚ್ಚು ಎಂಟೂವರೆ ಮೀಟರ್ ಮೇಲಿಂದ ಬಿದ್ದಷ್ಟು! ದೀಪ ಉರಿಯುತ್ತಿರುವುದು ಆ ಸಂಗ್ರಹದಿಂದ.

ನನಗೆ ಇಷ್ಟವಾದ ಭಾಗ ಈಗ ಬರುತ್ತದೆ. ಕೆಪಾಸಿಟರ್ ಸದಾ ತುಂಬಿಕೊಳ್ಳುತ್ತಿರುವುದಿಲ್ಲ. ಮೇನ್ಸ್ ವೋಲ್ಟೇಜ್ ಕೆಪಾಸಿಟರ್‌ನ ವೋಲ್ಟೇಜನ್ನು ದಾಟಿದಾಗ ಮಾತ್ರ ಅದು ಕರೆಂಟ್ ಎಳೆದುಕೊಳ್ಳುತ್ತದೆ. ಸೆಕೆಂಡಿಗೆ 300 ಸಲ, ಪ್ರತಿ ಸಲ ಚೂರೇ ಹೊತ್ತು. ಬೀದಿ ನಲ್ಲಿಯಲ್ಲಿ ನೀರು ಹತ್ತೇ ನಿಮಿಷ ಬಂದರೆ ಏನಾಗುತ್ತದೆ? ಬಿಂದಿಗೆ, ಬಕೆಟ್, ಕೊನೆಗೆ ಸಾರಿನ ಪಾತ್ರೆಯೂ ಬರುತ್ತದೆ. ತಳ್ಳಾಟ, ಬೈಗುಳ. ನಮ್ಮ ಲೈನಲ್ಲೂ ಅದೇ ಗಲಾಟೆ. ಅದಕ್ಕೆ ಇಂಜಿನಿಯರ್‌ಗಳು ಇಟ್ಟ ಮರ್ಯಾದೆಯ ಹೆಸರು ಹಾರ್ಮೋನಿಕ್ಸ್. ಮೇನ್ಸ್‌ನ 50 ಹರ್ಟ್ಜ್‌ನ ಐದು, ಏಳು ಪಟ್ಟು, ಅಂದರೆ 250, 350 ಹರ್ಟ್ಜ್‌ನ ಕರೆಂಟ್ ಸುಮ್ನೆ ಓಡಾಡಿ ಕೇಬಲ್, ಟ್ರಾನ್ಸ್‌ಫಾರ್ಮರ್ ಕಾಯಿಸುತ್ತದೆ.

[ಕೈಯಲ್ಲಿ ಚೋಕ್]

ಈ ಗಲಾಟೆ ತಗ್ಗಿಸುವುದು ಇದು, ಚೋಕ್, ಅಂದರೆ ಇಂಡಕ್ಟರ್. ಕಬ್ಬಿಣದ ಪಟ್ಟಿಗಳಿಗೆ ಸುತ್ತಿದ ತಾಮ್ರದ ತಂತಿ. ಥೇಟ್ ರುಬ್ಬುಗುಂಡಿನ ಸ್ವಭಾವ. ಥಟ್ಟನೆ ಹೊರಡುವುದಿಲ್ಲ, ಹೊರಟ ಮೇಲೆ ಥಟ್ಟನೆ ನಿಲ್ಲುವುದೂ ಇಲ್ಲ. ಹಾಗಾಗಿ ಕರೆಂಟ್ ಒಮ್ಮೆಲೇ ನುಗ್ಗದೆ ಹರಡಿಕೊಂಡು ಬರುತ್ತದೆ. ಕೆಪಾಸಿಟರ್‌ನ ಬಿಸಿಯೂ ಕಡಿಮೆ. ದುಡ್ಡು ಉಳಿಸಲು ಜನ ಮೊದಲು ಕೈಬಿಡುವುದು ಇದನ್ನೇ. ನನಗೆ ಹೊಟ್ಟೆ ಉರಿಯುತ್ತದೆ.

ಟೈಮ್ ಮುಗಿಯುತ್ತಿದೆ, ಉಳಿದದ್ದು ಚುಟುಕಾಗಿ. ಡ್ರೈವ್ ಆಚೆ ಕಡೆ ಮೋಟರ್‌ನ ವೈಂಡಿಂಗೇ ಚೋಕ್ ಕೆಲಸ ಮಾಡಿ ಕರೆಂಟನ್ನು ನಯ ಮಾಡುತ್ತದೆ. ಆದರೆ ಡ್ರೈವ್ ಮತ್ತು ಮೋಟರ್ ನಡುವೆ ಪವರ್ ಫ್ಯಾಕ್ಟರ್ ಸರಿಪಡಿಸುವ ಕೆಪಾಸಿಟರ್ ಹಾಕಲೇಬೇಡಿ. ಪ್ರತಿ ಪಲ್ಸ್‌ಗೂ ಅದು ಗಬಕ್ಕನೆ ಕರೆಂಟ್ ಎಳೆಯುತ್ತದೆ, ಐಜಿಬಿಟಿ ಸುಟ್ಟುಹೋಗಬಹುದು.

[ಮತ್ತೆ ಕೆಂಪು ದೀಪ]

ಅಗೋ, ಆರಿತು. ಮೀಟರ್ ಡಿಸಿಗೆ ಇಟ್ಟು ನೋಡೋಣ. 38 ವೋಲ್ಟ್. ಊಹೂಂ, ಇನ್ನೂ ಕೈ ಹಾಕಲ್ಲ.