ಬಂದ ಸಾಕ್ಷಿ ಹೇಳದೆ ಹೋಗಬಾರದು

ಎಲ್ಲರಿಗೂ ನಮಸ್ಕಾರ.

ಹೊಸದಾಗಿ ಸೇರಿರುವ ಎಪಿಪಿಗಳ, ಅಂದರೆ ಸರ್ಕಾರದ ಪರ ಕ್ರಿಮಿನಲ್ ಕೇಸು ನಡೆಸುವ ಸಹಾಯಕ ಪಬ್ಲಿಕ್ ಪ್ರಾಸಿಕ್ಯೂಟರುಗಳ ಜೊತೆ ಮಾತಾಡಿ ಅಂತ ಕರೆದಿದ್ದೀರಿ. ನಿವೃತ್ತಿಯಾದ ಮೇಲೆ ಕಪ್ಪು ಕೋಟುಗಳನ್ನು ಇಷ್ಟೊಂದು ಒಟ್ಟಿಗೆ ನೋಡಿದ್ದು ಇವತ್ತೇ. ತುಂಬಾ ಸಂತೋಷ ಆಗುತ್ತಿದೆ. ಐದು ಅಂಶ ಬರೆದುಕೊಂಡು ಬಂದಿದ್ದೇನೆ. ಮೊದಲನೆಯದು ಸಾಕ್ಷಿ. ಅದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಬೇಕು.

ನನ್ನ ಮೊದಲ ಪೋಸ್ಟಿಂಗ್ ಮಲೆನಾಡಿನ ಒಂದು ತಾಲ್ಲೂಕು ಕೋರ್ಟಿನಲ್ಲಿ. ಅಲ್ಲಿ ನನಗೆ ಕೆಲಸ ಕಲಿಸಿದ ಹಿರಿಯ ಎಪಿಪಿ ಒಬ್ಬರಿದ್ದರು. ನಾವೆಲ್ಲ ಅವರನ್ನು ದೊಡ್ಡೋರು ಅಂತಲೇ ಕರೆಯುತ್ತಿದ್ದೆವು. ಅವರ ಕೋಟಿನ ಜೇಬಿನಲ್ಲಿ ಯಾವಾಗಲೂ ಒಂದು ಸಣ್ಣ ಪುಸ್ತಕ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ಇರುತ್ತಲ್ಲ, ಅಂಥದ್ದು, ಕೆಂಪು ರಟ್ಟಿನದು. ಪ್ರತಿ ಹಾಳೆಯಲ್ಲಿ ಕೈಯಲ್ಲೇ ಗೀರಿದ ನಾಲ್ಕು ಕಾಲಂ. ಕೇಸ್ ನಂಬರ್, ಸಾಕ್ಷಿಯ ಹೆಸರು, ಬಂದ ತಾರೀಕು. ನಾಲ್ಕನೆಯ ಕಾಲಂನಲ್ಲಿ ಒಂದೇ ಪದ: ‘ಹೇಳಿದರು’ ಅಥವಾ ‘ಹೋದರು’.

ಆ ‘ಹೋದರು’ ಅನ್ನುವ ಪದ ಬರೆಯುವಾಗ ಅವರ ಮುಖ ನೋಡಬೇಕಿತ್ತು ನೀವು.

ಒಂದು ಬೇಲಿ ಜಗಳದ ಕೇಸು. ಐಪಿಸಿ ಮುನ್ನೂರ ಇಪ್ಪತ್ತಾರು, ಅಂದರೆ ಅಪಾಯಕಾರಿ ಆಯುಧದಿಂದ ತೀವ್ರ ಗಾಯ; ಜೊತೆಗೆ ಮೂವತ್ತನಾಲ್ಕು, ಅಂದರೆ ಒಂದೇ ಉದ್ದೇಶದಿಂದ ಸೇರಿ ಮಾಡಿದ್ದು. ಇಬ್ಬರು ಅಣ್ಣತಮ್ಮಂದಿರು ಆರೋಪಿಗಳು. ಕಣ್ಣಾರೆ ಕಂಡ ಸಾಕ್ಷಿ ಒಬ್ಬಳೇ, ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುತ್ತಿದ್ದ ಹೆಂಗಸು. ಅವಳ ಊರಿಗೆ ಬೆಳಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ಸಮನ್ಸ್ ಬಂದಾಗಲೆಲ್ಲ ಬಂದಳು. ಒಂದು ದಿನ ಎದುರು ವಕೀಲರು ಇರಲಿಲ್ಲ. ಒಂದು ದಿನ ಒಬ್ಬ ಆರೋಪಿ ಬರಲಿಲ್ಲ. ಒಂದು ದಿನ ಮ್ಯಾಜಿಸ್ಟ್ರೇಟ್ ಸಾಹೇಬರು ರಜೆ. ಮತ್ತೊಂದು ದಿನ ಸುಮ್ನೆ ಹೊತ್ತಾಯಿತು ಅಂತ ಮುಂದಕ್ಕೆ ಹೋಯಿತು. ಅಷ್ಟೂ ಸಲ ಅವಳು ವರಾಂಡದ ಕಂಬಕ್ಕೆ ಒರಗಿ ನಿಂತಿದ್ದಳು. ಕೂರಲು ಜಾಗ ಇರಲಿಲ್ಲ. ಅಡಿಕೆ ಚೊಗರಿಗೆ ಕಪ್ಪಾದ ಬೆರಳುಗಳಲ್ಲಿ ಸಮನ್ಸಿನ ಕಾಗದ ನಾಲ್ಕು ಮಡಿಕೆಯಾಗಿ ಇರುತ್ತಿತ್ತು. ಸುಗ್ಗಿಯ ಕಾಲದಲ್ಲಿ ಒಂದು ದಿನದ ಕೂಲಿ ಬಿಡುವುದು ಅಂದರೆ ಏನು ಅಂತ ಇಲ್ಲಿ ಮಲೆನಾಡಿನವರಿದ್ದರೆ ಅವರಿಗೆ ಗೊತ್ತು.

ಆರನೇ ಸಲ. ಮತ್ತೆ ವಾಯಿದೆ ಕೇಳಿ ಅರ್ಜಿ ಬಂತು. ದೊಡ್ಡೋರು ಎದ್ದು ನಿಂತರು. ಜೇಬಿನಿಂದ ಕೆಂಪು ಪುಸ್ತಕ ತೆಗೆದರು. ವಾದ ಮಾಡಲಿಲ್ಲ. ಐದು ತಾರೀಕು ಓದಿದರು. ಪ್ರತಿ ತಾರೀಕಿನ ಮುಂದೆ ‘ಹೋದರು’, ‘ಹೋದರು’ ಅಂತ ಓದಿದರು. ಕೋರ್ಟ್ ಹಾಲಿನಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಆಮೇಲೆ ದಂಡ ಪ್ರಕ್ರಿಯಾ ಸಂಹಿತೆಯ ಮುನ್ನೂರ ಒಂಬತ್ತನೇ ಕಲಂ ಓದಿದರು. ಸಾಕ್ಷಿ ಹಾಜರಿರುವಾಗ ವಿಚಾರಣೆ ಮಾಡದೆ ಮುಂದಕ್ಕೆ ಹಾಕಬಾರದು, ಹಾಕಲೇಬೇಕಾದರೆ ವಿಶೇಷ ಕಾರಣ ಬರೆಯಬೇಕು. ಇದು 1973ರ ಸಂಹಿತೆಯಲ್ಲೇ ಇತ್ತು, ಸ್ವಾಮಿ! ಯಾರೂ ಹೊಸದಾಗಿ ಕಂಡುಹಿಡಿಯಬೇಕಿರಲಿಲ್ಲ. ಬಂದ ಸಾಕ್ಷಿ ಹೇಳದೆ ಹೋಗಬಾರದು.

ಸಾಹೇಬರು ಅರ್ಜಿ ವಜಾ ಮಾಡಿದರು. ಅವಳು ಕಟಕಟೆ ಹತ್ತಿದಾಗ ಸಂಜೆಯಾಗಿತ್ತು.

ಈಗ ಒಂದು ತಮಾಷೆ ಹೇಳುತ್ತೇನೆ. ಯಾವುದರಲ್ಲಿ ಹೊಡೆದ ಅಂತ ಕೇಳಿದರೆ ‘ಕತ್ತಿ’ ಅಂದಳು. ಸಾಹೇಬರು ಬಯಲುಸೀಮೆಯವರು. ಬರೆಸಿದ್ದು ಇಂಗ್ಲಿಷಿನಲ್ಲಿ, ‘ಸ್ವೋರ್ಡ್’ ಅಂತ. ಎದುರು ವಕೀಲರ ಮುಖ ಅರಳಿತು. ಯಾಕೆಂದರೆ ಪೊಲೀಸರು ಜಪ್ತಿ ಮಾಡಿದ್ದು ಸೊಪ್ಪು ಕಡಿಯುವ ಕತ್ತಿ, ಬಾಗಿದ ಬಾಯಿಯದು. ಮಲೆನಾಡಿನಲ್ಲಿ ಕತ್ತಿ ಅಂದರೆ ಅದೇ ಅಲ್ವಾ? ಮನೆಮನೆಯಲ್ಲೂ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಾರೆ. ದಾಖಲೆಯಲ್ಲಿ ಅವಳು ಯುದ್ಧದ ಖಡ್ಗ ನೋಡಿದ ಹಾಗಾಗಿತ್ತು! ದೊಡ್ಡೋರು ಮೆಲ್ಲಗೆ, “ಅಮ್ಮ, ಆ ಕತ್ತಿಯಲ್ಲಿ ನೀವು ಮನೇಲಿ ಏನು ಮಾಡ್ತೀರಿ?” ಅಂದರು. “ಸೊಪ್ಪು ಕಡೀತೀವಿ, ಕಾಯಿ ಕೆತ್ತುತೀವಿ” ಅಂದಳು. ಇಡೀ ಕೋರ್ಟು ನಕ್ಕಿತು. ಸಾಹೇಬರೂ ನಕ್ಕು ತಿದ್ದಿ ಬರೆಸಿದರು. ಸಾಕ್ಷಿ ಹೇಳಿದ್ದು ಸಾಕ್ಷಿಯ ಮಾತಿನಲ್ಲೇ ದಾಖಲಾಗಬೇಕು ಅಂತ ನಾನು ಕೊನೆಯವರೆಗೂ ಹಟ ಹಿಡಿದದ್ದು ಆ ಸಂಜೆಯಿಂದ. ಕೆಳಗಿನ ಕೋರ್ಟುಗಳಲ್ಲಿ ಕನ್ನಡ ಬೇಕು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಬೇಕಿಲ್ಲ.

ಆದರೆ ನಾನು ಹೇಳಬೇಕೆಂದಿದ್ದು ಇದಲ್ಲ. ಎರಡನೇ ಆರೋಪಿಯ ವಿಷಯ ಬಂತು. ಅವಳು, “ತಮ್ಮ ಹೊಡೀಲಿಲ್ಲ. ಅವನು ಬಿಡಿಸೋಕೆ ಬಂದ” ಅಂದಳು. ಪೊಲೀಸರು ಬರೆದುಕೊಂಡ ಅವಳ ಹೇಳಿಕೆಯಲ್ಲಿ ಇಬ್ಬರೂ ಹೊಡೆದರು ಅಂತಿತ್ತು. ನಾನು ದೊಡ್ಡೋರ ಕೋಟಿನ ತೋಳು ಜಗ್ಗಿದೆ. ಹಾಸ್ಟೈಲ್ ಮಾಡಿ ಸರ್, ಕ್ರಾಸ್ ಮಾಡೋಣ ಅಂದೆ. ಅಂದರೆ ನಮ್ಮ ಸಾಕ್ಷಿಯೇ ತಿರುಗಿಬಿದ್ದಳು ಅಂತ ಹೇಳಿ ಪಾಟಿ ಸವಾಲು ಮಾಡೋದು. ಅವರು ನನ್ನ ಕಡೆ ತಿರುಗಲಿಲ್ಲ. ಅವಳನ್ನೇ ಕೇಳಿದರು: ಅವನು ಎಲ್ಲಿ ನಿಂತಿದ್ದ, ಕೈಯಲ್ಲಿ ಏನಿತ್ತು, ಯಾರನ್ನು ಹಿಡಿದ. ಅವಳು ಒಂದೊಂದಾಗಿ ಹೇಳಿದಳು. ಅಣ್ಣನ ರಟ್ಟೆ ಹಿಂದಿನಿಂದ ಹಿಡಿದದ್ದನ್ನು ಕಟಕಟೆಯಲ್ಲೇ ಕೈಮಾಡಿ ತೋರಿಸಿದಳು. ದೊಡ್ಡೋರು, “ಇಷ್ಟೇ ಸ್ವಾಮಿ” ಅಂತ ಕೂತರು. ಆಮೇಲೆ ನನ್ನ ಕಿವಿಯಲ್ಲಿ, “ಅವಳು ನಿಜ ಹೇಳ್ತಿದ್ದಾಳೆ ಕಣಯ್ಯ. ನಿನ್ನ ಚಾರ್ಜ್‌ಶೀಟಿಗೆ ಹೊಂದಲಿಲ್ಲ, ಅಷ್ಟೇ” ಅಂದರು.

ಅಣ್ಣನಿಗೆ ಶಿಕ್ಷೆ ಆಯಿತು. ತಮ್ಮ ಖುಲಾಸೆ. ಲೆಕ್ಕ ಹಾಕಿ ನೋಡಿ. ಮೊದಲ ಸಲ ಬಂದಾಗಲೇ ಅವಳ ಮಾತು ಕೇಳಿದ್ದರೆ ಆ ಹುಡುಗ ಅಷ್ಟು ವಾಯಿದೆಗೆ ಅಲೆಯಬೇಕಿರಲಿಲ್ಲ. ಸಾಕ್ಷಿಯನ್ನು ಕೇಳದೆ ಕಳಿಸಿದರೆ ನೊಂದವನಿಗೆ ಮಾತ್ರ ಅನ್ಯಾಯ ಅಂತ ನಾವು ತಿಳಿದಿರುತ್ತೇವೆ. ಬಿಡಿಸಲು ಬಂದವನೂ ಅಲ್ಲೇ, ಅದೇ ವರಾಂಡದಲ್ಲೇ ಇನ್ನೊಂದು ಕಂಬಕ್ಕೆ ಒರಗಿ ನಿಂತಿರುತ್ತಾನೆ.

ಅವತ್ತು ಅವಳ ಕೊನೇ ಬಸ್ಸು ಹೋಗಿತ್ತು. ನಮ್ಮ ಕೋರ್ಟ್ ಪೇದೆಗೆ ತಾಲ್ಲೂಕಿನ ಎಲ್ಲ ಬಸ್ಸಿನ ಟೈಮೂ ಬಾಯಿಪಾಠ. ಓಡಿಹೋಗಿ ನೋಡಿ ಬಂದ, ಇನ್ನು ಬಸ್ಸಿಲ್ಲ ಅಂದ. ಬೆಂಚ್ ಕ್ಲರ್ಕ್ ತಮ್ಮ ಮನೆಗೆ ಕರೆದುಕೊಂಡು ಹೋಗಿ ಹೆಂಡತಿಯ ಕೈಲಿ ಊಟ ಹಾಕಿಸಿದರು. ಬೆಳಗ್ಗೆ ಮೊದಲ ಬಸ್ಸು ಹತ್ತಿಸಿದರು. ಈ ಇಬ್ಬರ ಫೋಟೋ ಯಾವ ಕೋರ್ಟಿನ ಗೋಡೆಯಲ್ಲೂ ಇಲ್ಲ. ನ್ಯಾಯ ಅಂದಾಗ ನನಗೆ ಮೊದಲು ನೆನಪಾಗುವುದು ಇವರೇ.

ದೊಡ್ಡೋರು ಹೇಳುತ್ತಿದ್ದುದನ್ನೇ 2000ದಲ್ಲಿ ಸುಪ್ರೀಂ ಕೋರ್ಟ್ ಸ್ವರಣ್ ಸಿಂಗ್ ಪ್ರಕರಣದಲ್ಲಿ ಹೇಳಿತು. ಸಾಕ್ಷಿಗೆ ಕೂರಲು ಜಾಗವಿಲ್ಲ, ಕುಡಿಯಲು ಒಂದು ಲೋಟ ನೀರಿಲ್ಲ ಅಂತ. ಅದನ್ನು ಓದಿದ ದಿನ ನಾನು ಅವರಿಗೆ ಫೋನ್ ಮಾಡಿದೆ. ಅವರು ಆಗ ನಿವೃತ್ತರಾಗಿದ್ದರು. ಫೋನಿನಲ್ಲೇ ಪೂರ್ತಿ ಓದಿಸಿಕೊಂಡರು, ಎರಡು ಸಲ. ಆಮೇಲೆ 2003ರಲ್ಲಿ ಮಳಿಮಠ ಸಮಿತಿಯ ವರದಿ ಬಂತು. ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದವರ ಸಮಿತಿ. ಸಾಕ್ಷಿಯನ್ನು ಅತಿಥಿಯ ಹಾಗೆ ಕಾಣಬೇಕು, ಭತ್ತೆ ಅವತ್ತೇ ಕೊಡಬೇಕು ಅಂತ ಅದರಲ್ಲಿದೆ. ಪೊಲೀಸರ ಮುಂದಿನ ತಪ್ಪೊಪ್ಪಿಗೆಗೆ ಬೆಲೆ ಕೊಡುವ ಅದರ ಸಲಹೆ ನನಗೆ ಆಗಲೂ ಒಪ್ಪಿಗೆ ಇರಲಿಲ್ಲ, ಈಗಲೂ ಇಲ್ಲ. ಆದರೆ ಸಾಕ್ಷಿಯ ಅಧ್ಯಾಯವನ್ನು ನೀವೆಲ್ಲ ಓದಿ.

ನನ್ನ ಬ್ಯಾಚಿನ ಸಹೋದ್ಯೋಗಿಯೊಬ್ಬರು ಕೊನೆಯ ವರ್ಷಗಳಲ್ಲಿ ಪೋಕ್ಸೋ ಕೇಸುಗಳನ್ನು, ಅಂದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಕೇಸುಗಳನ್ನು ನಡೆಸಿದರು. ಸಾಕ್ಷ್ಯದ ದಿನ ಮಗುವಿಗಿಂತ ಮೊದಲೇ ಬಂದು ಖಾಲಿ ಕೋರ್ಟ್ ಹಾಲ್ ತೋರಿಸುತ್ತಿದ್ದರು. ಇಲ್ಲಿ ಜಡ್ಜ್ ಆಂಟಿ ಕೂರ್ತಾರೆ, ಇಲ್ಲಿ ನಾನು ಕೂರ್ತೀನಿ ಅಂತ. 2012ರ ಆ ಕಾಯ್ದೆಯಲ್ಲಿ ಮಗುವನ್ನು ಪದೇ ಪದೇ ಕೋರ್ಟಿಗೆ ಕರೆಸಬಾರದು ಅಂತ ಬರೆದಿದೆ. ನಮ್ಮ ಪ್ರಶ್ನೆಯನ್ನು ನ್ಯಾಯಾಧೀಶರಿಗೆ ಕೊಡಬೇಕು, ಅವರೇ ಮಗುವನ್ನು ಕೇಳುತ್ತಾರೆ. ಅದನ್ನು ಮೊದಲು ಓದಿದಾಗ ನನಗೆ ಅನಿಸಿದ್ದು, ದೊಡ್ಡೋರ ಕೆಂಪು ಪುಸ್ತಕ ಕಾಯ್ದೆ ಆಯಿತು ಅಂತ.

ಚೀಟಿ ಬಂತು. ಐದು ನಿಮಿಷ ಅಂತೆ. ಇನ್ನೂ ನಾಲ್ಕು ಅಂಶ ಇದೆ!

ಬೇಗ ಹೇಳುತ್ತೇನೆ. ಎರಡನೆಯದು, ಪ್ರಾಸಿಕ್ಯೂಷನ್ ಪೊಲೀಸರಿಂದ ಬೇರೆಯಾಗಿರಬೇಕು. 1974ಕ್ಕೆ ಮುಂಚೆ ಮ್ಯಾಜಿಸ್ಟ್ರೇಟ್ ಕೋರ್ಟುಗಳಲ್ಲಿ ಪೊಲೀಸ್ ಪ್ರಾಸಿಕ್ಯೂಟರುಗಳಿದ್ದರು. ಪ್ರಾಸಿಕ್ಯೂಟರುಗಳು ಪೊಲೀಸ್ ಇಲಾಖೆಯ ಕೈಕೆಳಗೆ ಇರಬಾರದು ಅಂದ ಸುಪ್ರೀಂ ಕೋರ್ಟಿನ 1995ರ ಶಹಾಣೆ ತೀರ್ಪು ಓದಿಕೊಳ್ಳಿ. ಠಾಣೆಯವರ ಜೊತೆ ಸ್ನೇಹ ಇರಲಿ, ಆದರೆ ದಾಖಲೆಯನ್ನು ನಿಮ್ಮ ಕಣ್ಣಿನಿಂದಲೇ ಓದಿ. ಮೂರನೆಯದು, ಸಾಕ್ಷಿಗಳ ರಕ್ಷಣೆ. 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಯೋಜನೆ ಇದೆ, ಈಗ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದಿರುವ ಬಿಎನ್‌ಎಸ್‌ಎಸ್‌ನ 398ನೇ ಕಲಂ ಕೂಡ ಇದೆ. ಹೆದರಿದ ಸಾಕ್ಷಿಗೆ ಅರ್ಜಿ ಹಾಕಬಹುದು ಅಂತ ನೀವೇ ಹೇಳದಿದ್ದರೆ ಅವರಿಗೆ ಯಾರೂ ಹೇಳುವುದಿಲ್ಲ. ನಾಲ್ಕನೆಯದು ವಿಡಿಯೊ ಮೂಲಕ ಸಾಕ್ಷ್ಯ, ಅದನ್ನು ಬೆಳಗ್ಗೆ ಹೇಳಿದ್ದಾರೆ. ಐದನೆಯದನ್ನು ಬಿಡುತ್ತೇನೆ.

ದೊಡ್ಡೋರು ಓದಿದ ಮುನ್ನೂರ ಒಂಬತ್ತು ಈಗ ಬಿಎನ್‌ಎಸ್‌ಎಸ್‌ನಲ್ಲಿ ಮುನ್ನೂರ ನಲವತ್ತಾರು ಆಗಿದೆ. ಎರಡಕ್ಕಿಂತ ಜಾಸ್ತಿ ವಾಯಿದೆ ಇಲ್ಲ ಅಂತ ಸೇರಿಸಿದ್ದಾರೆ. ಬಂದ ಸಾಕ್ಷಿ ಹೇಳದೆ ಹೋಗಬಾರದು ಅನ್ನುವುದು ಹಾಗೇ ಇದೆ. ಅದನ್ನು ಎದ್ದು ನಿಂತು ಓದುವವರು ಬೇಕು, ಆ ಕೆಲಸ ನಿಮ್ಮದು.

ದೊಡ್ಡೋರು ತೀರಿಕೊಂಡ ಮೇಲೆ ಅವರ ಮಗಳು ಆ ಪುಸ್ತಕಗಳಲ್ಲಿ ಒಂದನ್ನು ನನಗೆ ಕೊಟ್ಟರು. ತಂದಿದ್ದೇನೆ. ಈ ಮೇಜಿನ ಮೇಲೆ ಇಟ್ಟಿರುತ್ತೇನೆ, ಊಟ ಮುಗಿಸಿ ಬಂದು ನೋಡಿ. ಕೊನೆಯ ಹಾಳೆಗಳಲ್ಲಿ ‘ಹೇಳಿದರು’ ಜಾಸ್ತಿ ಇದೆ. ಹೊಲಿಗೆ ಬಿಟ್ಟಿದೆ, ಸ್ವಲ್ಪ ಮೆಲ್ಲಗೆ ತಿರುಗಿಸಿ.

ನಮಸ್ಕಾರ.