ನಮ್ಮ ಕ್ರಾಸಿನ ಖಾಲಿ ಸೈಟು ತಿಪ್ಪೆ ಆಗಿದ್ದು ಹೆಂಗೆ? | ದಾವಣಗೆರೆ

(ಬೆಳಗ್ಗೆ, ನಿಟುವಳ್ಳಿ ಕಡೆಯ ಒಂದು ಕ್ರಾಸ್. ಗೋಡೆ ಬರಹ, ಕೆಳಗೆ ಕಸದ ರಾಶಿ)

ನಮಸ್ಕಾರ ರೀ ಎಲ್ರಿಗೂ. ಈ ಗೋಡೆ ನೋಡ್ರಿ, ‘ಇಲ್ಲಿ ಕಸ ಹಾಕಬಾರದು’ ಅಂತ ದಪ್ಪಕ್ಷರದಲ್ಲಿ ಬರೆದೈತೆ, ಅದರ ಕೆಳಗೆ ಇನ್ನೊಂದು ಸಾಲು ಐತೆ, ಅದು ಓದಾಕೆ ಆಗಲ್ಲ, ಯಾಕಂದ್ರೆ ಕಸ ಅಲ್ಲೀವರೆಗೂ ಏರೈತೆ. 2016ರಲ್ಲಿ ಸ್ಮಾರ್ಟ್ ಸಿಟಿ ಅಂತ ಮೊದಲ ಸಲ 20 ಊರು ಆರಿಸಿದಾಗ ಅದ್ರಲ್ಲಿ ನಮ್ಮ ದಾವಣಗೆರೆನೂ ಇತ್ತು. ಇರ್ಲಿ ಬಿಡ್ರಿ, ಇವತ್ತು ಈ ಒಂದು ಮೂಲೆ ಅಷ್ಟೇ ನಮ್ಮ ವಿಷಯ.

ಮೊದ್ಲು ಇಲ್ಲಿ ಹುಡುಗ್ರು ಕ್ರಿಕೆಟ್ ಆಡ್ತಿದ್ರು. ಒಂದಿನ ರಾತ್ರಿ ಯಾರೋ ಮನೆ ರಿಪೇರಿ ಮಾಡಿಸಿದ್ದ ವೇಸ್ಟು, ಒಡೆದ ಟೈಲ್ಸು ಇಟ್ಟಿಗೆ ಚೂರು ಹಳೇ ಕಮೋಡು ಸಮೇತ, ಒಂದು ಟ್ರ್ಯಾಕ್ಟರ್ ತಂದು ಸುರುವಿ ಹೋದ್ರು. ಎಲ್ಲಾ ಶುರುವಾಗಿದ್ದು ಅಲ್ಲಿಂದ. ಬರೀ ನೆಲ ಆದ್ರೆ ಪೌರಕಾರ್ಮಿಕರು ಒಂದ್ ಸಲ ಪೊರಕೆ ಆಡಿಸಿದ್ರೆ ಕ್ಲೀನು, ಆದ್ರೆ ಇಟ್ಟಿಗೆ ಸಂದಿಯಲ್ಲಿ ಸಿಕ್ಕಾಕ್ಕೊಂಡ ಕವರ್ನ ಗುಡಿಸೋದು ಹೆಂಗೆ? ಒಂದು ಕವರ್ ಉಳೀತು, ಮಾರನೇ ದಿನ ಹತ್ತು ಕವರ್ ಆತು, ‘ಅಲ್ಲಿ ಹಾಕ್ತಾರೆ, ನಾನೂ ಹಾಕ್ದೆ’.

(ಕ್ಲೋಸಪ್: ಕೋಲಿನಿಂದ ರಾಶಿ ಕೆದಕೋದು)

ಒಳಗೆ ಏನೈತೆ ನೋಡೋಣ. ಮಿರ್ಚಿ ಎಣ್ಣೆ ಕುಡಿದ ಪೇಪರ್, ಮಂಡಕ್ಕಿ ಪೊಟ್ಟಣ, ಎಳನೀರು ಬುರುಡೆ, ಮಗೂದು ಡಯಾಪರ್, ಒಂದು ಟ್ಯೂಬ್‌ಲೈಟು. ಇದು ನೋಡ್ರಿ, ಅನ್ನ ಸಾರು ಹಾಕಿ ಬಿಗಿಯಾಗಿ ಗಂಟು ಕಟ್ಟಿದ ಕವರ್. ಹಸು ಬಂದ್ರೆ ಗಂಟು ಬಿಚ್ಚುತ್ತಾ? ಕವರ್ ಸಮೇತ ನುಂಗುತ್ತೆ, ಪ್ಲಾಸ್ಟಿಕ್ ಕರಗಲ್ಲ, ಹೊಟ್ಟೆಯಲ್ಲೇ ಉಂಡೆ ಕಟ್ಟುತ್ತೆ. 120 ಮೈಕ್ರಾನ್‌ಗಿಂತ ತೆಳು ಕ್ಯಾರಿಬ್ಯಾಗ್ 2022ರ ಕೊನೆಗೇ ಬ್ಯಾನ್ ಆಗೈತೆ, ಇದು ಬೆರಳಲ್ಲಿ ಎಳೆದ್ರೆ ಹರಿಯುತ್ತೆ.

ಹಾಕೋರು ಯಾರು ಅಂತ ಎರಡು ವಾರ ಬೆಳಗ್ಗೆ ಕಟ್ಟೆ ಮೇಲೆ ಕೂತು ನೋಡಿದೆ. ನಾನು ಅಂದ್ಕೊಂಡಿದ್ದು ಹೊರಗಿನೋರು ಅಂತ, ನೋಡಿದ್ರೆ ಎಲ್ಲಾ ನಮ್ಮೋರೇ! ಕಸದ ಆಟೋ ಏಳೂವರೆಗೆ ಬರುತ್ತೆ, ಆಗ ಕೆಲವ್ರು ಇನ್ನೂ ಎದ್ದಿರಲ್ಲ, ಕೆಲವ್ರು ಆಗ್ಲೇ ಕೆಲಸಕ್ಕೆ ಹೋಗಿರ್ತಾರೆ, ಕಸ ಮನೇಲಿ ಇಟ್ಕೊಂಡ್ರೆ ವಾಸನೆ, ಹಂಗಾಗಿ ಬೈಕಲ್ಲಿ ಹೋಗ್ತಾ ಹೋಗ್ತಾ ಒಂದು ಎಸೆತ. ಬೈಕ್ ನಿಲ್ಸೋದೂ ಇಲ್ಲ. ನಮ್ಮ ಓಣಿ ಅಕ್ಕ ಒಬ್ರನ್ನ ಕೇಳಿದ್ದಕ್ಕೆ ‘ಏನ್ ಮಾಡೋದು ತಮ್ಮಾ, ಆರಕ್ಕೇ ಮನೆ ಬಿಡ್ತೀನಿ’ ಅಂದ್ರು. ಅವ್ರಿಗೆ ದಂಡ ಹಾಕಿದ್ರೆ ಇನ್ನೊಂದು ಮೂಲೆ ಹುಡುಕ್ತಾರೆ ಅಷ್ಟೆ.

ಅದಕ್ಕೇ ನಾವು ಮೊದ್ಲು ಚಂದಾ ಎತ್ತಿ ಇಟ್ಟಿಗೆ ವೇಸ್ಟ್ ಸಾಗಿಸಿದ್ವಿ, ಅದು ಹೋದ್ಮೇಲೇ ಗುಡಿಸೋಕೆ ಬಂದಿದ್ದು. ಆಮೇಲೆ ಬೇಗ ಹೋಗೋರು ಹಸಿ ಕಸ, ಒಣ ಕಸ ಬೇರೆ ಮಾಡಿ ಪಕ್ಕದ ಮನೆ ಗೇಟಿಗೆ ಬಕೆಟ್ ಇಟ್ಟು ಹೋಗೋದು, ಆಟೋ ಬಂದಾಗ ಅವ್ರು ಕೊಡೋದು. ಡಯಾಪರ್, ಪ್ಯಾಡ್ ಪೇಪರಲ್ಲಿ ಸುತ್ತಿ ಬೇರೆ. ಅಕ್ಕನ ಬಕೆಟ್ ಈಗ ನಮ್ಮ ಗೇಟಿಗೇ ಬರುತ್ತೆ.

ಫಂಕ್ಷನ್ ಮಾಡೋರಿಗೆ ಒಂದ್ ಮಾತು, ಲೈಸೆನ್ಸ್ ಇಲ್ಲದ ಜಾಗದಲ್ಲಿ 100 ಜನಕ್ಕಿಂತ ಜಾಸ್ತಿ ಸೇರಿಸಿದ್ರೆ ಕನಿಷ್ಠ ಮೂರು ಕೆಲಸದ ದಿನ ಮುಂಚೆ ಪಾಲಿಕೆಗೆ ತಿಳಿಸ್ಬೇಕು, ಕಸ ಬೇರೆ ಮಾಡಿಸ್ಬೇಕು ಅಂತ 2016ರ ಘನತ್ಯಾಜ್ಯ ನಿಯಮದಲ್ಲೇ ಇತ್ತು. ಲಗ್ನಪತ್ರಿಕೆ ಹಂಚೋ ಗಡಿಬಿಡೀಲಿ ಇದು ಯಾರಿಗೆ ನೆನಪಿರುತ್ತೆ ಹೇಳ್ರಿ.

(ಅದೇ ಮೂಲೆ, ತಿಂಗಳ ನಂತರ. ಗೋಡೆ ಬರಹದ ಎರಡನೇ ಸಾಲೂ ಕಾಣುತ್ತೆ)

ಈಗ ಇಲ್ಲಿ ಹೂವಿನ ಅಜ್ಜಿ ಕೂರ್ತಾರೆ, ಅವ್ರ ಎದುರಿಗೆ ಯಾರೂ ಎಸೆಯಲ್ಲ. ಎಲ್ಲಾ ಸರಿಹೋತು ಅಂತ ಸುಳ್ಳು ಹೇಳಲ್ಲ ನಾನು, ಅರ್ಧ ಕಸ ಮುಂದಿನ ಕ್ರಾಸಿನ ಟ್ರಾನ್ಸ್‌ಫಾರ್ಮರ್ ಬುಡಕ್ಕೆ ಶಿಫ್ಟ್ ಆಗೈತೆ. ಭಾನುವಾರ ಅಲ್ಲಿ ಹೋಗಿ ಕೂರ್ತೀವಿ, ಬರೋರು ಆರಕ್ಕೆ ಮುಂಚೆ ಬರ್ರಿ, ಚಹಾ ನಮ್ದು.